ನೀರಿಳಿಯುವ ದಿಕ್ಕಿಗೆ

ಬೆಂಗಳೂರಿಂದ ಮೈಸೂರಿಗೆ ಹೋಗುವ ರೈಲು ಮಂಡ್ಯ ದಾಟುತ್ತಿದ್ದಂತೆ ಕಿಟಕಿ ಪಕ್ಕದವರೂ ಫೋನು ತೆಗೆಯುತ್ತಾರೆ. ಗದ್ದೆ, ಕಬ್ಬು, ತೆಂಗು, ಮತ್ತೆ ಗದ್ದೆ. ಬೆಟ್ಟ ಹತ್ತುವವರಿಗಾದರೆ ತುದಿ ಅಂತ ಒಂದಿರುತ್ತದೆ, ಅಲ್ಲಿ ನಿಂತು ಫೋಟೊ ತೆಗೆಸಿಕೊಂಡರೆ ಹತ್ತಿದ್ದು ಸಾರ್ಥಕ. ಬಯಲಿಗೆ ಆ ಸೌಕರ್ಯವಿಲ್ಲ. ಇಲ್ಲಿ ನಡೆಯುವ ರುಚಿ ಹತ್ತಬೇಕಾದರೆ ಮೊದಲು ಒಂದು ಸಂಗತಿ ಮನಸ್ಸಿಗೆ ಇಳಿಯಬೇಕು: ಸಪಾಟಾಗಿ ಕಾಣುವ ಈ ನೆಲ ಸಪಾಟಾಗಿಲ್ಲ. ಅದರ ಇಳಿಜಾರು ನಮ್ಮ ಮಂಡಿಗೆ ತಿಳಿಯದಷ್ಟು ಸಣ್ಣದು. ನೀರಿಗೆ ಮಾತ್ರ ತಿಳಿಯುತ್ತದೆ.

ಅದಕ್ಕೇ ಮೊದಲ ಪಾಠ ನಾಲೆಯ ಏರಿಯ ಮೇಲೆ. ಮಂಡ್ಯ, ಶ್ರೀರಂಗಪಟ್ಟಣದ ಕಡೆ ಯಾವುದಾದರೂ ಊರಲ್ಲಿ ಬಸ್ಸಿಳಿದು, ನಾಲೆ ಏರಿ ಹತ್ತಿ, ಎಡಕ್ಕೂ ಬಲಕ್ಕೂ ಒಮ್ಮೆ ನೋಡಿ. ಒಂದು ಬದಿ ರಾಗಿ, ಹುರುಳಿ, ಹುಚ್ಚೆಳ್ಳು. ಇನ್ನೊಂದು ಬದಿ ಭತ್ತ, ಕಬ್ಬು. ಮಣ್ಣು ಅದೇ, ಮಳೆಯೂ ಅದೇ. ಆದರೆ ನಾಲೆಯನ್ನು ನೆಲದ ಮಟ್ಟ ಹಿಡಿದು, ಮೈಲಿಗೆ ಇಷ್ಟೇ ಇಷ್ಟು ತಗ್ಗಿಸುತ್ತ ತೆಗೆದಿರುತ್ತಾರೆ. ಅದರ ಕೆಳಗಿನದೆಲ್ಲ ಅಚ್ಚುಕಟ್ಟು, ಮೇಲಿನದು ಬೆದ್ದಲು. ಬೋರು, ಪಂಪ್‌ಸೆಟ್ಟು ಬಂದ ಮೇಲೆ ಈ ಗೆರೆ ಅಲ್ಲಲ್ಲಿ ಅಳಿಸಿದೆ, ಆದರೂ ಒಂದು ಮೈಲಿ ನಡೆದರೆ ಕಣ್ಣಿಗೆ ಸಿಕ್ಕೇ ಸಿಗುತ್ತದೆ. ಎರಡು ಜಿಲ್ಲೆಗಳ ಗಡಿ ಕೂಡ ಇಷ್ಟು ಸ್ಪಷ್ಟವಾಗಿರುವುದಿಲ್ಲ.

ನಾಲೆಗಳಲ್ಲೂ ಜಾತಿಗಳಿವೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅಲ್ಲಿಂದ ಹೊರಟು, ಹುಲಿಕೆರೆಯ ಹತ್ತಿರ ಸುರಂಗ ತೂರಿ ಬರುವ ವಿಶ್ವೇಶ್ವರಯ್ಯ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದು, ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಎರಡರ ಹಿಂದೆಯೂ ಈ ನೀರಿದೆ. ನೋಡಲು ಭರ್ಜರಿ ನಾಲೆ, ನಡೆಯಲು ಅಷ್ಟು ಹಿತವಿಲ್ಲ. ಕಾಂಕ್ರೀಟು ಹಾಸಿದ ಕಡೆ ನೆರಳಿಲ್ಲ, ಕಾಲು ಜಾರಿದರೆ ಹಿಡಿಯಲು ಒಂದು ಗರಿಕೆಯೂ ಇಲ್ಲ. ಈಜು ಬಲ್ಲವರೂ ಮೇಲೆ ಬರಲಾಗದೆ ಹೋದದ್ದುಂಟು, ಅಂಚಿಗೆ ಹೋಗಬೇಡಿ.

ಹೊಸಬರಿಗೆ ನನ್ನ ಸಲಹೆ ಹಳೆಯ ನಾಲೆಗಳೇ. ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ಕಾವೇರಿಯ ಒಂದು ಕವಲನ್ನು ಕಲ್ಲಿನ ಮೇಲ್ಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ಕೊಡುತ್ತದೆ. ಕೆಳಗೆ ಹೊಳೆ, ಮೇಲೆ ಅದೇ ಹೊಳೆಯ ನೀರು ಬೇರೆ ದಿಕ್ಕಿಗೆ. ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳೂ ಕಟ್ಟೆಗಿಂತ ಬಹಳ ಹಿಂದಿನವು. ಹಳೆಯ ನಾಲೆ ನೆಟ್ಟಗೆ ಹೋಗುವುದಿಲ್ಲ. ದಿಬ್ಬ ಬಂದರೆ ಬಳಸುತ್ತದೆ, ಹಳ್ಳ ಬಂದರೆ ಒಳಕ್ಕೆ ಸರಿಯುತ್ತದೆ. ಅದರ ಜೊತೆ ನೀವೂ ಬಾಗುತ್ತ ಹೋದರೆ ನೆಲದ ಆಕಾರ ಕಾಲಿಗೆ ತಾನಾಗಿ ತಿಳಿಯುತ್ತದೆ.

ಯಾವಾಗ ಹೋಗಬೇಕು ಎಂದರೆ, ಕಟ್ಟೆಯನ್ನು ಕೇಳಿ. ಅದು ಭರ್ತಿಯಾಗುವ ಮಟ್ಟ, 124.80 ಅಡಿ ಎಂಬ ಅಂಕಿ, ಮಂಡ್ಯದ ಮಗುವಿಗೂ ಬಾಯಿಪಾಠ. ಕಟ್ಟೆ ತುಂಬುತ್ತ ಬಂದು ನಾಲೆಗೆ ನೀರು ಬಿಟ್ಟ ಮೇಲೆ ಒಟ್ಲು ಹಾಕುತ್ತಾರೆ, ಆಗಸ್ಟಿನ ಹೊತ್ತಿಗೆ ನಾಟಿ. ಆ ಹದಿನೈದಿಪ್ಪತ್ತು ದಿನ ಇಡೀ ಬಯಲು ಕನ್ನಡಿ. ಎಲ್ಲರೂ ಹೊಗಳುವುದು ಅಕ್ಟೋಬರಿನ ಹಸಿರನ್ನು, ನನಗೆ ಅದು ಸ್ವಲ್ಪ ಅತಿಯೆನಿಸುತ್ತದೆ. ಡಿಸೆಂಬರಿನ ಕೊಯ್ಲಾದ ಮೇಲಿನ ಬಯಲೇ ಇಷ್ಟ: ಕೂಳೆ ಗದ್ದೆ, ಹುಲ್ಲಿನ ಮೆದೆ, ಬೆಳಗಿನ ಮಂಜು, ಆಲೆಮನೆಯ ಹೊಗೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ಹಿಡಿದು ದಾರಿ ಬದಲಿಸಿದರೆ ತಪ್ಪಿಲ್ಲ. ಯಾರಾದರೂ ಬಿಸಿ ಬೆಲ್ಲ ಕೈಗಿಟ್ಟರೆ ತಿನ್ನಿ, ಆದರೆ ನೀವಾಗಿ ಕೇಳಬೇಡಿ.

ದಾರಿ ಬರೆದಿಟ್ಟ ಫಲಕಗಳು ಇಲ್ಲಿಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತಿರುತ್ತದೆ; ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಕೂಡ ಉಪಯೋಗಕ್ಕೆ ಬರುತ್ತದೆ. ಪಹಣಿಯಲ್ಲಿ 'ಬಿ ಖರಾಬು' ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ನೆಲ. ನಕಾಶೆಯಲ್ಲಿದ್ದ ದಾರಿ ಕಬ್ಬಿನೊಳಗೆ ಮಾಯವಾಗಿರುವುದು ಸಾಮಾನ್ಯ. ಆಗ ಕಾಗದ ತೋರಿಸಿ ವಾದಕ್ಕೆ ನಿಲ್ಲದೆ, ಹತ್ತಿರದ ಗದ್ದೆಯವರನ್ನು ಕೇಳಿ. "ಯಾವೂರು? ಯಾರ ಪೈಕಿ?" ಅಂತ ಅವರು ಮೊದಲು ನಿಮ್ಮನ್ನು ಕೇಳುತ್ತಾರೆ. "ಸುಮ್ಮನೆ ನಡೀತಾ ಇದೀನಿ" ಎಂದರೆ ನಂಬುವುದಿಲ್ಲ, ಸೈಟು ನೋಡಲು ಬಂದವರೆಂದು ತಿಳಿಯುತ್ತಾರೆ. "ಹೊಳೆ ತನಕ ಹೋಗಬೇಕು" ಎನ್ನಿ. ಹೊಳೆಗೆ ಹೋಗುವವರಿಗೆ ಕಾರಣ ಬೇಕಿಲ್ಲ.

ಇನ್ನು ಬದು. ಬಯಲ ನಡಿಗೆಯ ಸೊಗಸೆಲ್ಲ ಈ ಒಂದಡಿ ಅಗಲದ ಮಣ್ಣಿನಲ್ಲಿದೆ, ಅಪಾಯವೂ ಇಲ್ಲೇ ಇದೆ. ಒಂದು ಆಗಸ್ಟಿನಲ್ಲಿ ನಾನು ಹೊಸದಾಗಿ ಕೆಸರು ಮೆತ್ತಿದ್ದ ಬದುವಿನ ಅಂಚಿಗೆ ಕಾಲಿಟ್ಟೆ. ಅದು ಮೊಸರಿನಂತೆ ಕುಸಿದು, ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಬುಳುಬುಳು ಇಳಿಯತೊಡಗಿತು. ಗಾಬರಿಯಲ್ಲಿ ಬಗ್ಗಿ ಬೊಗಸೆಯಿಂದ ಮಣ್ಣು ತುಂಬಿದರೆ, ತುಂಬಿದ್ದೆಲ್ಲ ಕೊಚ್ಚಿ ಹೋಯಿತು. ನಾಟಿ ಹಾಕುತ್ತಿದ್ದ ಅಜ್ಜಿಯೊಬ್ಬರು ಬಂದು ಬೈಯಲೂ ಇಲ್ಲ. ಒಂದು ಹಿಡಿ ಹುಲ್ಲು ಸುರುಳಿ ಸುತ್ತಿ ಬಿರುಕಿಗೆ ಅಡ್ಡ ಇಟ್ಟು, ಅದರ ಮೇಲೆ ಮೇಲ್ಗದ್ದೆಯ ಕಡೆಯಿಂದ ಕೆಸರು ಎಳೆದು, ಹಿಮ್ಮಡಿಯಲ್ಲಿ ಎರಡು ಸಲ ಒತ್ತಿದರು. ನಿಂತಿತು. "ನೀರ್ ಬರೋ ಕಡೆಯಿಂದ ಕಟ್ಟಬೇಕು ಕಣಪ್ಪ, ಹೋಗೋ ಕಡೆಯಿಂದಲ್ಲ" ಎಂದು ಮತ್ತೆ ಪೈರಿಗೆ ಬಗ್ಗಿದರು. ಅಂದಿನಿಂದ ಹಸಿ ಬದು ಕಂಡರೆ ಚಪ್ಪಲಿ ಕಳಚಿ, ಗರಿಕೆ ಬೆಳೆದ ನಡುಭಾಗದಲ್ಲಿ ಕಾಲಿಡುತ್ತೇನೆ. ಬದುವಿನಲ್ಲಿ ನೀರು ಹಾಯುವ ಗಂಡಿಗೆ ಕಲ್ಲೋ ಮಣ್ಣೋ ಅಡ್ಡ ಇಟ್ಟಿದ್ದರೆ ಮುಟ್ಟಬೇಡಿ. ಅದು ಯಾರದೋ ಸರದಿಯ ಲೆಕ್ಕ.

ಹಕ್ಕಿಗಳಿಗೆಂದು ಬೇರೆ ಹೊತ್ತು ಬೇಡ, ದಾರಿಯಲ್ಲೇ ಸಿಗುತ್ತವೆ. ಉಳುವ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿ, ಏರಿಯ ಬಯಲಲ್ಲಿ ಕೂಗಿ ಕೂಗಿ ನಿಮ್ಮನ್ನು ತನ್ನ ಮೊಟ್ಟೆಯಿಂದ ದೂರ ಕರೆದೊಯ್ಯುವ ಟಿಟ್ಟಿಭ. ಗೀಜಗನ ಗೂಡನ್ನು ಮಾತ್ರ ನಿಂತು ನೋಡಿ. ಗಂಡು ಅರ್ಧ ನೇಯ್ದು ಹೆಣ್ಣನ್ನು ಕರೆಯುತ್ತದೆ, ಅದು ಒಪ್ಪಿದರೆ ಮಾತ್ರ ಉದ್ದನೆಯ ಕೊಳವೆ ಇಳಿಯುತ್ತದೆ. ಒಂದೇ ಈಚಲು ಮರದಲ್ಲಿ ತೂಗುವ ಅರ್ಧಂಬರ್ಧ ಗೂಡುಗಳೆಲ್ಲ ತಿರಸ್ಕಾರದ ದಾಖಲೆ.

ಹೊಳೆದಂಡೆಗೆ ಬಂದಾಗ ನಡಿಗೆಯ ಲಯ ಬದಲಾಗುತ್ತದೆ. ಗದ್ದೆಯ ಬಿಸಿಲು ಮುಗಿದು ಹೊಳೆಮತ್ತಿ, ಹೊಂಗೆ, ಬಿದಿರುಮೆಳೆಗಳ ನೆರಳು. ಹೊರಡುವ ಮುಂಚೆ ಪತ್ರಿಕೆಯಲ್ಲಿ ಕಟ್ಟೆಯ ಹೊರಹರಿವು ಎಷ್ಟೆಂದು ನೋಡಿರಬೇಕು. ಸಾವಿರಾರು ಕ್ಯೂಸೆಕ್ ಬಿಟ್ಟ ದಿನ ದಂಡೆಯ ದಾರಿ ದಾರಿಯಾಗಿರುವುದಿಲ್ಲ. ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಅಂಥ ಎಷ್ಟೋ ಪ್ರವಾಹ ಕಂಡಿವೆ, ನಿಮ್ಮ ಕಾಲು ಕಂಡಿಲ್ಲ. ನೀರು ಕಡಿಮೆಯಿದ್ದಾಗಲೂ ಬಂಡೆಯ ಮೇಲೆ ಒಣಗಿದ ಮರದ ದಿಮ್ಮಿ ಕಂಡರೆ ಎರಡು ಸಲ ನೋಡಿ. ಈ ಹೊಳೆಯಲ್ಲಿ ಮೊಸಳೆಗಳಿವೆ, ರಂಗನತಿಟ್ಟಿನಲ್ಲಷ್ಟೇ ಅಲ್ಲ.

ಎಲ್ಲಿ ನಿಲ್ಲಬೇಕು ಎಂದು ಕೇಳಿದರೆ ನಾನು ಬಸಿಗಾಲುವೆಯ ಬಾಯಿ ತೋರಿಸುತ್ತೇನೆ. ನಾಲೆಯ ತೂಬಿನಿಂದ ಹೊರಟ ನೀರು ಸೀಳುನಾಲೆ, ಗದ್ದೆ, ಗದ್ದೆಯ ಕೆಳಗಿನ ಗದ್ದೆ ಎಲ್ಲ ದಾಟಿ, ಉಳಿದದ್ದು ಬಸಿದು ಇಲ್ಲಿ ಹೊಳೆ ಸೇರುತ್ತದೆ. ಬೆಳಗಿನಿಂದ ನೀವು ಬಂದ ದಾರಿಯನ್ನೇ ಅದೂ ಬಂದಿದೆ. ಜನ ಬಟ್ಟೆ ಒಗೆಯುವ ಜಾಗ ಹುಡುಕಿ ಅಲ್ಲಿ ಕೂತು, ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಕೈ ಬಸಿನೀರಿಗೆ, ಇನ್ನೊಂದು ಹೊಳೆಗೆ ಅದ್ದಿ. ಗದ್ದೆ ದಾಟಿ ಬಂದದ್ದು ಬೆಚ್ಚಗಿರುತ್ತದೆ.