ಕಲ್ಲು ಹೇಳಿದಷ್ಟೇ
ಶಾಸನದ ಸಾರಾಂಶ ಬರೆಯುವುದು ನನ್ನ ಕಣ್ಣಿಗೆ ಬಲು ದೊಡ್ಡ ಕಸುಬು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನಸಂಗ್ರಹದ 9ನೇ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಕಲ್ಲುಗಳು ಮಾತಾಡುತ್ತವೆ.

ದಾನಶಾಸನದಲ್ಲಿ ಮೊದಲು ರಾಜನ ಬಿರುದಾವಳಿ, ಕೊನೆಗೆ ದತ್ತಿ ಕೆಡಿಸಿದವರಿಗೆ ಶಾಪ. ನಡುವಿನಿಂದ ಯಾರು, ಯಾರಿಗೆ, ಎಷ್ಟು ಗದ್ದೆ ಕೊಟ್ಟರು ಎಂಬುದನ್ನು ಹೆಕ್ಕಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ. ಕಲ್ಲು ಒಬ್ಬನನ್ನು ‘ಮಹಾರಾಜಾಧಿರಾಜ’ ಎಂದರೆ ‘ಎಂದು ಶಾಸನ ಕರೆಯುತ್ತದೆ’ ಎಂದೇ ಬರೆಯಬೇಕು. ‘ಆಗಿದ್ದ’ ಎನ್ನಲು ಬೇರೆ ಆಧಾರ ಬೇಕು. ಅಕ್ಷರ ಸವೆದಲ್ಲಿ ಚುಕ್ಕಿಗಳನ್ನಿಟ್ಟು ಮುಂದೆ ಸಾಗುವ ಸಂಯಮವಂತೂ ನನಗೆ ಅಚ್ಚುಮೆಚ್ಚು. ಊಹೆ ಎಷ್ಟೇ ಸೊಗಸಾಗಿದ್ದರೂ ಅದು ಕಲ್ಲಿನ ಮಾತಲ್ಲ.

ಮೇಷ್ಟ್ರೇ, ಮಕ್ಕಳಿಗೆ ಸಾರಾಂಶ ಕಲಿಸುವಾಗ ನಿಮ್ಮೂರಿನ ಶಾಸನವೊಂದನ್ನೇ ಕೊಟ್ಟು ನೋಡಿ.