ಸಂಕಲನವೋ ವ್ಯವಕಲನವೋ

ಚಲಚ್ಚಿತ್ರದ ತುಣುಕುಗಳನ್ನು ಕತ್ತರಿಸಿ ಹೊಂದಿಸುವ ಕೆಲಸಕ್ಕೆ ಕನ್ನಡದಲ್ಲಿ ಸಂಕಲನವೆಂಬ ಹೆಸರು ರೂಢಿಗೆ ಬಂದಿದೆ. ಹಳೆಯ ಗಣಿತವನ್ನು ಪಾಠಶಾಲೆಯಲ್ಲಿ ಓದಿದವರಿಗೆ ಈ ಶಬ್ದವು ಹೊಸದಲ್ಲ. ಅಲ್ಲಿ ಸಂಕಲನವೆಂದರೆ ಕೂಡುವುದು, ವ್ಯವಕಲನವೆಂದರೆ ಕಳೆಯುವುದು. ಅಮೆರಿಕದ ಚಿತ್ರಶಾಲೆಗಳಲ್ಲಿ ಮೊದಮೊದಲು ಈ ಕಸುಬಿನವನನ್ನು ‘ಕಟ್ಟರ್’, ಎಂದರೆ ಕತ್ತರಿಸುವವನು, ಎಂದು ಕರೆದರು. ಫ್ರೆಂಚರು ಇದೇ ಕೆಲಸವನ್ನು ‘ಮೊಂತಾಜ್’, ಎಂದರೆ ಜೋಡಣೆ, ಎಂದರು. ಹೀಗೆ ಒಂದೇ ಕಸುಬಿಗೆ ಒಬ್ಬರು ಕಳೆಯುವ ಹೆಸರನ್ನೂ ಮತ್ತೊಬ್ಬರು ಕೂಡುವ ಹೆಸರನ್ನೂ ಇಟ್ಟರು. ಇವೆರಡರಲ್ಲಿ ಯಾವುದು ಈ ಕಲೆಯ ಸ್ವರೂಪಕ್ಕೆ ಸಮೀಪವಾದುದೆಂಬುದು ವಿಚಾರಾರ್ಹವಾದ ವಿಷಯ.

ಲೆಕ್ಕವನ್ನು ನೋಡಿದರೆ ಕಳೆಯುವುದರ ಪಕ್ಷವೇ ಪ್ರಬಲವಾಗಿ ಕಾಣುವುದು. 1979ರಲ್ಲಿ ತೆರೆಗೆ ಬಂದ ‘ಅಪೋಕ್ಯಾಲಿಪ್ಸ್ ನೌ’ ಎಂಬ ಚಿತ್ರಕ್ಕಾಗಿ ಸುಮಾರು 12,50,000 ಅಡಿ ಫಿಲ್ಮು ತೆಗೆಯಲ್ಪಟ್ಟಿತ್ತು. ನೋಡಲು ಕುಳಿತರೆ 230 ಗಂಟೆಗಳ ಸಾಮಗ್ರಿ. ಪ್ರೇಕ್ಷಕನ ಮುಂದೆ ಬಂದದ್ದು ಎರಡೂವರೆ ಗಂಟೆಗೂ ಕಡಮೆ. 95 ಪಾಲಿನಲ್ಲಿ ಒಂದು ಪಾಲು ಉಳಿಯಿತು. ಆದರೆ ಉಳಿದುದು ಹೇಗೆ ನಿಂತಿತೆಂಬುದನ್ನು ಈ ಲೆಕ್ಕವು ಹೇಳಲಾರದು. ಅದನ್ನು ತಿಳಿಯಲು ಗಣಿತವನ್ನು ಬಿಟ್ಟು ವಾಕ್ಯಮೀಮಾಂಸೆಯ ಕಡೆಗೆ ತಿರುಗಬೇಕು.

1920ರ ಆಸುಪಾಸಿನಲ್ಲಿ ಮಾಸ್ಕೋ ನಗರದಲ್ಲಿ ಕುಲೆಶೋವ್ ಎಂಬ ತರುಣ ಉಪಾಧ್ಯಾಯನು ಮಾಡಿದನೆಂದು ಹೇಳುವ ಪ್ರಯೋಗವೊಂದು ಈ ಕಲೆಯ ಗ್ರಂಥಗಳಲ್ಲೆಲ್ಲ ಬರುತ್ತದೆ. ಮೋಝ್ಝೂಖಿನ್ ಎಂಬ ನಟನ ನಿರ್ವಿಕಾರವಾದ ಮುಖದ ಒಂದೇ ತುಣುಕನ್ನು ತೆಗೆದುಕೊಂಡು ಅದರ ಪಕ್ಕದಲ್ಲಿ ಒಮ್ಮೆ ಸೂಪಿನ ಬಟ್ಟಲನ್ನೂ, ಒಮ್ಮೆ ಶವಪೆಟ್ಟಿಗೆಯನ್ನೂ, ಒಮ್ಮೆ ಆಡುವ ಮಗುವನ್ನೂ ಜೋಡಿಸಿದರಂತೆ. ನೋಡಿದವರು ಆ ಮುಖದಲ್ಲಿ ಹಸಿವನ್ನೂ, ಶೋಕವನ್ನೂ, ವಾತ್ಸಲ್ಯವನ್ನೂ ಕಂಡು ನಟನ ಕೌಶಲವನ್ನು ಕೊಂಡಾಡಿದರಂತೆ. ಮೂಲದ ಫಿಲ್ಮು ಉಳಿದಿಲ್ಲ. ಮೂರನೆಯ ಚಿತ್ರವು ಮಗುವಿನದೋ ಹೆಂಗಸಿನದೋ ಎಂಬಲ್ಲಿ ಹೇಳಿದವರೊಳಗೇ ಪಾಠಾಂತರವಿದೆ. ಅದಂತಿರಲಿ. ಪ್ರಭಾಕರಮತದ ಮೀಮಾಂಸಕರು ಇದನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಪದಕ್ಕೆ ತನ್ನಷ್ಟಕ್ಕೇ ಬೇರೆಯಾದ ಅರ್ಥವಿಲ್ಲ, ಇತರ ಪದಗಳೊಡನೆ ಅನ್ವಯಗೊಂಡ ಅರ್ಥವನ್ನೇ ಅದು ಹೇಳುವುದು ಎಂಬುದು ಅವರ ಅನ್ವಿತಾಭಿಧಾನವಾದ. ಪದಗಳು ಮೊದಲು ತಮ್ಮ ತಮ್ಮ ಅರ್ಥವನ್ನು ಹೇಳುವುವು, ಅನ್ವಯವು ಅನಂತರದ್ದು ಎಂಬುದು ಕುಮಾರಿಲರ ಕಡೆಯವರ ಅಭಿಹಿತಾನ್ವಯವಾದ. ರಷ್ಯದಲ್ಲಿಯೂ ಇದಕ್ಕೆ ಸಮೀಪವಾದ ಜಗಳವೊಂದು ನಡೆಯಿತು: ತುಣುಕುಗಳನ್ನು ಇಟ್ಟಿಗೆಯ ಮೇಲೆ ಇಟ್ಟಿಗೆಯಂತೆ ಇಟ್ಟು ಕಟ್ಟಬೇಕೆಂದು ಪುದೋವ್ಕಿನ್, ಅವುಗಳ ಸಂಘಟ್ಟನದಿಂದಲೇ ಮೂರನೆಯ ಅರ್ಥವು ಹುಟ್ಟಬೇಕೆಂದು ಐಸೆನ್‌ಸ್ಟೈನ್.

ಐಸೆನ್‌ಸ್ಟೈನನ 1925ರ ‘ಬ್ಯಾಟಲ್‌ಷಿಪ್ ಪೊಟೆಮ್ಕಿನ್’ ಚಿತ್ರದಲ್ಲಿ ಕಲ್ಲಿನ ಸಿಂಹವೊಂದು ಎದ್ದು ನಿಲ್ಲುತ್ತದೆ. ಕ್ರಿಮಿಯದ ಅಲೂಪ್ಕಾ ಅರಮನೆಯ ಸೋಪಾನದಲ್ಲಿ ಮಲಗಿದ ಸಿಂಹ, ಎಚ್ಚತ್ತ ಸಿಂಹ, ಏಳುತ್ತಿರುವ ಸಿಂಹ ಎಂದು ಬೇರೆ ಬೇರೆ ವಿಗ್ರಹಗಳಿವೆ. ಮೂರರ ಚಿತ್ರಗಳನ್ನು ಕ್ಷಣಮಾತ್ರದ ಅಂತರದಲ್ಲಿ ಒಂದರ ಹಿಂದೊಂದು ಜೋಡಿಸಿ, ಒಡೆಸ್ಸಾ ಪಟ್ಟಣದ ಜನರ ಕೊಲೆಗೆ ಪ್ರತಿಯಾಗಿ ನೌಕೆಯ ಫಿರಂಗಿ ಹಾರಿದ ಕಡೆಯಲ್ಲಿ ಇರಿಸಿದ್ದಾನೆ. ಕಲ್ಲೂ ಕೆರಳಿತು ಎಂಬ ಉತ್ಪ್ರೇಕ್ಷೆಯು ಹೀಗೆ ಕಣ್ಣಿಗೆ ಕಾಣುವಂತಾಯಿತು. ವಾಕ್ಯಕ್ಕೆ ಬೇಕೆಂದು ಶಾಸ್ತ್ರಕಾರರು ಹೇಳುವ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಇಲ್ಲಿವೆ. ಫಿರಂಗಿಯ ಶಬ್ದಕ್ಕೆ ಯಾರು ಎಚ್ಚತ್ತರೆಂಬ ಆಕಾಂಕ್ಷೆಯಿದೆ. ಸಿಂಹಕ್ಕೆ ಏಳುವ ಯೋಗ್ಯತೆಯಿದೆ. ಸನ್ನಿಧಿಯಂತೂ ಕತ್ತರಿಯೇ ತಂದುಕೊಟ್ಟದ್ದು, ಏಕೆಂದರೆ ಒಡೆಸ್ಸಾಕ್ಕೂ ಅಲೂಪ್ಕಾಕ್ಕೂ ನಡುವೆ ಸಮುದ್ರವಿದೆ. ಇದೇ ಮೂರು ವಿಗ್ರಹಗಳನ್ನು ಒಂದೊಂದು ನಿಮಿಷ ತೋರಿಸಿದ್ದರೆ ಅದು ಯಾತ್ರಿಕರ ಚಿತ್ರಸಂಪುಟವಾಗುತ್ತಿತ್ತೇ ಹೊರತು ಸಿಂಹವು ಏಳುತ್ತಿರಲಿಲ್ಲ.

ಇಷ್ಟನ್ನು ಒಪ್ಪಿದ ಮಾತ್ರಕ್ಕೆ ಪ್ರಭಾಕರರೇ ಗೆದ್ದರೆನ್ನುವಂತಿಲ್ಲ. ಕುಲೆಶೋವನು ಆರಿಸಿದ್ದು ಬರಿದಾದ ಮುಖವನ್ನು. ಬರಿದಾದ ಪಾತ್ರೆಯಲ್ಲಿ ಏನು ಹೊಯ್ದರೂ ನಿಲ್ಲುವುದು. ತುಂಬಿದ ಮುಖವಾದರೆ ಏನಾಗುವುದೆಂಬುದಕ್ಕೆ ಸತ್ಯಜಿತ್ ರಾಯರ 1955ರ ‘ಪಥೇರ್ ಪಾಂಚಾಲಿ’ಯನ್ನು ನೋಡಬೇಕು. ಬಹುದಿನ ಊರು ಬಿಟ್ಟಿದ್ದ ಹರಿಹರನು ಮನೆಗೆ ಬಂದು, ಮಗಳು ದುರ್ಗೆ ತೀರಿಹೋದುದನ್ನರಿಯದೆ, ತಾನು ತಂದ ಸಾಮಾನುಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಮಗಳಿಗೆಂದು ತಂದ ಸೀರೆ ಕೈಗೆ ಬಂದಾಗ ಅದುವರೆಗೆ ಸುಮ್ಮನಿದ್ದ ತಾಯಿ ಸರ್ವಜಯೆಯ ಕಟ್ಟೆಯೊಡೆಯುತ್ತದೆ. ಆಕೆ ಬಾಯ್ತೆರೆದು ಅಳುತ್ತಾಳೆ. ಕೇಳಿಬರುವುದು ಆಕೆಯ ದನಿಯಲ್ಲ, ತಾರಶೆಹನಾಯಿಯ ಮೇಲಿನ ಸ್ವರ. ನಟಿಯ ಅಳುವನ್ನು ತೆಗೆದುಹಾಕಿ ಆ ಸ್ಥಳದಲ್ಲಿ ವಾದ್ಯವನ್ನಿರಿಸಿದರು. ಮುಖವೂ ನಾದವೂ ಬೇರೆ ಬೇರೆಯಾಗಿ ತಮ್ಮ ಅರ್ಥವನ್ನು ಹೇಳಿ ಅನಂತರ ಕೂಡುತ್ತವೆ. ಈ ಮುಖದ ಪಕ್ಕದಲ್ಲಿ ಸೂಪಿನ ಬಟ್ಟಲನ್ನಿಟ್ಟರೆ ಯಾವ ಪ್ರೇಕ್ಷಕನೂ ಹಸಿವನ್ನು ಕಾಣಲಾರನು. ಶೋಕವನ್ನು ಶೋಕವೆಂಬ ಶಬ್ದದಿಂದ ಹೇಳಿದರೆ ರಸವಾಗದು, ಅದು ವ್ಯಂಗ್ಯವಾಗಬೇಕು ಎಂಬ ಆನಂದವರ್ಧನನ ಮತಕ್ಕೆ ಇದಕ್ಕಿಂತ ಉಜ್ಜ್ವಲವಾದ ಉದಾಹರಣೆಯು ಚಿತ್ರಕಲೆಯಲ್ಲಿ ದೊರೆಯುವುದು ದುರ್ಲಭ. ಇಲ್ಲಿ ಕಳೆದುದರಿಂದಲೇ ಕೂಡಿತು. ರಾಯರ ಕಥಾಚಿತ್ರಗಳನ್ನೆಲ್ಲ ಸಂಕಲಿಸಿದ ದುಲಾಲ್ ದತ್ತರ ಹೆಸರನ್ನು ಬಲ್ಲವರು ಎಷ್ಟು ಮಂದಿಯೋ!

ಉಪಕರಣಗಳ ಮಾತಿಗೆ ಬರೋಣ. ಮೊದಲು ಕತ್ತರಿ, ಅಂಟು, ಬೆಳಕಿಗೆ ಹಿಡಿದು ನೋಡುವ ಕಣ್ಣು, ಇಷ್ಟೇ. 1924ರಲ್ಲಿ ಸೆರೂರಿಯರ್ ಎಂಬವನ ಮೂವಿಯೋಲ ಯಂತ್ರ ಬಂದು, ಚಿತ್ರವನ್ನು ಓಡಿಸಿ ನೋಡುತ್ತಲೇ ಕತ್ತರಿಸುವ ಅನುಕೂಲವಾಯಿತು. ಅನಂತರ ಮೇಜಿನಂತೆ ಚಪ್ಪಟೆಯಾದ ಜರ್ಮನ್ ಯಂತ್ರಗಳು, ಸ್ಟೀನ್‌ಬೆಕ್ ಮುಂತಾದವು, ಬಂದುವು. ದೂರದರ್ಶನದ ಕಾಂತಪಟ್ಟಿಯನ್ನು ಆರಂಭದಲ್ಲಿ ಬ್ಲೇಡಿನಿಂದಲೇ ಕತ್ತರಿಸುತ್ತಿದ್ದರು. ಫಿಲ್ಮಿನಂತೆ ಅದರ ಮೇಲೆ ಚಿತ್ರವು ಕಣ್ಣಿಗೆ ಕಾಣದಾದುದರಿಂದ ಅದು ಕುರುಡನು ಹೂ ಕಟ್ಟುವಂಥ ಕೆಲಸ. 1989ರಲ್ಲಿ ಆವಿಡ್ ಎಂಬ ಗಣಕಯಂತ್ರದ ಏರ್ಪಾಡು ಬಂದ ಮೇಲೆ ಕತ್ತರಿಯೂ ಅಂಟೂ ಹೋಗಿ ಬೆರಳಿನ ಒತ್ತು ಮಾತ್ರ ಉಳಿಯಿತು. ‘ಅಪೋಕ್ಯಾಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲೊಬ್ಬನಾದ ವಾಲ್ಟರ್ ಮರ್ಚ್ 1996ರ ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರವನ್ನು ಫಿಲ್ಮಿನ ಮೇಲೆ ಆರಂಭಿಸಿ ನಡುವೆ ಗಣಕಕ್ಕೆ ಬದಲಾಯಿಸಿಕೊಂಡನು. ಮರುವರ್ಷ ಅದಕ್ಕೆ ಆಸ್ಕರ್ ದೊರೆತಾಗ ಗಣಕದಲ್ಲಿ ಸಂಕಲನಗೊಂಡ ಚಿತ್ರಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ಯಂತ್ರದ ಲಾಭವನ್ನು ಬಲ್ಲ ಈತನೇ ಅದರ ನಷ್ಟವನ್ನೂ ಹೇಳಿದ್ದಾನೆ. ಹಳೆಯ ಯಂತ್ರದಲ್ಲಿ ಬೇಕಾದ ತುಣುಕಿಗೆ ಹೋಗಲು ಸುರುಳಿಯನ್ನು ಬಿಚ್ಚುತ್ತ ಹೋಗಬೇಕಾಗಿದ್ದು, ದಾರಿಯಲ್ಲಿ ಬೇಡವೆಂದು ಬಿಟ್ಟಿದ್ದ ತುಣುಕುಗಳು ಮತ್ತೆ ಕಣ್ಣಿಗೆ ಬಿದ್ದು, ಕೆಲವೊಮ್ಮೆ ಹುಡುಕಿದ್ದಕ್ಕಿಂತ ಅವೇ ಮೇಲೆನಿಸುತ್ತಿದ್ದುವು. ಕೋಶದ ಪುಟಗಳನ್ನು ತಿರುವಿ ಶಬ್ದ ಹುಡುಕಿದವರು ಈ ಲಾಭವನ್ನು ಬಲ್ಲರು.

ಮರ್ಚನ ಇನ್ನೊಂದು ಮಾತು ಸ್ವಾರಸ್ಯವಾದುದು. 1974ರ ‘ದಿ ಕಾನ್ವರ್ಸೇಷನ್’ ಚಿತ್ರವನ್ನು ಸಂಕಲಿಸುವಾಗ, ತಾನು ತುಣುಕನ್ನು ಮುಗಿಸಬೇಕೆಂದುಕೊಂಡ ಸ್ಥಳಕ್ಕೆ ಬಹು ಸಮೀಪದಲ್ಲಿಯೇ ನಟ ಹ್ಯಾಕ್‌ಮನ್ ರೆಪ್ಪೆ ಬಡಿಯುವುದನ್ನು ಪದೇ ಪದೇ ಗಮನಿಸಿದನಂತೆ. ಒಂದು ಆಲೋಚನೆ ಮುಗಿದಲ್ಲಿ ಕಣ್ಣು ಮುಚ್ಚಿ ತೆರೆಯುವುದು. ಚಿತ್ರದ ಕತ್ತರಿಕೆಯೂ ಅಂಥದೇ ನಿಮೇಷವೆಂದು ಅವನ ಮತ. ದಮಯಂತಿಯು ಸ್ವಯಂವರದಲ್ಲಿ ದೇವತೆಗಳನ್ನು ಗುರುತಿಸಿದ್ದು ಅವರ ರೆಪ್ಪೆ ಬಡಿಯದುದರಿಂದಲೂ ಅಲ್ಲವೆ? ಸೊಕುರೋವನು 2002ರಲ್ಲಿ ಒಂದೂವರೆ ಗಂಟೆಯ ‘ರಷ್ಯನ್ ಆರ್ಕ್’ ಚಿತ್ರವನ್ನು ಒಂದೂ ಕತ್ತರಿಕೆಯಿಲ್ಲದೆ ತೆಗೆದನು. ಅನಿಮಿಷರಿಗೆ ಅದು ಹಿತವಾಗಿರಬಹುದು. ಮನುಷ್ಯರಿಗೆ ನಡುನಡುವೆ ರೆಪ್ಪೆ ಬೇಕು.

ರೆಪ್ಪೆಯನ್ನು ಬಡಿಯುತ್ತಲೇ ಇರುವುದೂ ರೋಗವೇ. ಮನೆಮನೆಯ ದೈನಿಕ ಧಾರಾವಾಹಿಗಳಲ್ಲಿ ಅತ್ತೆ ಒಂದು ಮಾತಾಡಿದರೆ ಸೊಸೆ, ಮಗ, ಮೈದುನ, ಅಡಿಗೆಯವಳು ಎಲ್ಲರ ಮುಖವನ್ನೂ ಸಿಡಿಲಿನ ಶಬ್ದದೊಡನೆ ಮೂರು ಮೂರು ಸಲ ತೋರಿಸುವ ಪದ್ಧತಿಯಿದೆ. ಬೆರಳಿನ ಒತ್ತಿಗೆ ಖರ್ಚಿಲ್ಲದುದೇ ಇದಕ್ಕೆ ಧೈರ್ಯ. ಕಾವ್ಯದಲ್ಲಾದರೆ ಇದನ್ನು ಪುನರುಕ್ತಿದೋಷವೆನ್ನುವರು. ಇಲ್ಲಿ ಸಂಚಿಕೆಯ ಹೊತ್ತು ತುಂಬಿಸುವ ಉಪಾಯವೆನ್ನುವರು.

ಇದು ಹಾಸ್ಯಕ್ಕೆ ಸಾಕು. ವಾರ್ತೆಯ ಸಂಗತಿ ಹಾಸ್ಯವಲ್ಲ. ಒಬ್ಬನು ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಬೇರೊಂದು ಪ್ರಶ್ನೆಯ ಮುಂದೆ ಜೋಡಿಸುವುದು, ಸುಮ್ಮನೆ ಕುಳಿತವನ ಮುಖವನ್ನು ಮತ್ತೊಬ್ಬನ ಆರೋಪದ ಪಕ್ಕದಲ್ಲಿಟ್ಟು ಅಪರಾಧಿಯಂತೆ ಕಾಣಿಸುವುದು, ಎರಡೂ ಕುಲೆಶೋವನ ಪ್ರಯೋಗಗಳೇ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಲ್ಲ ಸರಿಯಾಗಿದ್ದೂ ವಾಕ್ಯವು ಸುಳ್ಳಾಗಬಹುದು. ಆಪ್ತನಾಡಿದ ವಾಕ್ಯವೇ ಪ್ರಮಾಣವೆಂದು ತಾರ್ಕಿಕರು ನಿಯಮ ಮಾಡಿದ್ದು ಇದಕ್ಕಾಗಿಯೇ. ಆಡಿದವನು ಯಾರೆಂಬುದು ತೆರೆಯ ಮೇಲೆ ಕಾಣುವುದು. ಜೋಡಿಸಿದವನು ಕಾಣುವುದಿಲ್ಲ.

ಆತನನ್ನು, ವಸ್ತುತಃ ಆಕೆಯನ್ನು, ಕಾಣಿಸಿದ ಚಿತ್ರವೊಂದುಂಟು. ವೆರ್ತೋವನ 1929ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮರಾ’ದಲ್ಲಿ ಓಟವು ಥಟ್ಟನೆ ನಿಂತು, ಮಕ್ಕಳ ಮುಖಗಳು ಫಿಲ್ಮಿನ ಪಟ್ಟಿಯ ಮೇಲೆ ಸ್ತಬ್ಧವಾಗಿ ಕಾಣುತ್ತವೆ. ಮೇಜಿನ ಮುಂದೆ ಕುಳಿತ ಹೆಂಗಸೊಬ್ಬಳು ಆ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ನೋಡಿ, ಕತ್ತರಿಸಿ, ಜೋಡಿಸುತ್ತಾಳೆ; ಒಡನೆಯೇ ಮಕ್ಕಳು ನಗುತ್ತಾರೆ. ಆಕೆ ಯೆಲಿಜವೇತ ಸ್ವಿಲೋವಾ, ಚಿತ್ರದ ನಿಜವಾದ ಸಂಕಲನಕಾರ್ತಿ, ವೆರ್ತೋವನ ಪತ್ನಿ. ಚಿತ್ರದ ಮೊದಲಿನ ಬರಹದಲ್ಲಿ ಆಕೆಗೆ ಕೊಟ್ಟಿರುವ ಹೆಸರು ಸಂಕಲನದ ಸಹಾಯಕಿ ಎಂದು.