ಉತ್ತಂಗಿ ಚನ್ನಪ್ಪನವರ ಸರ್ವಜ್ಞ ಸಂಪಾದನೆಯಲ್ಲಿ ಕ್ರೈಸ್ತ ದೀನಭಾವ

ಕುಂದಗೋಳ ತಾಲೂಕಿನ ಕುಬಿಹಾಳದಂತಹ ಊರುಗಳಲ್ಲಿ ಸರ್ವಜ್ಞನ ಹೆಸರನ್ನರಿಯದವರು ವಿರಳ. ಆಡಿದ ಮಾತಿಗೆ ಪ್ರಮಾಣವಾಗಿ ಅವನ ತ್ರಿಪದಿಯೊಂದನ್ನು ಮುಂದಿಡುವ ರೂಢಿ ನಮ್ಮ ಸೀಮೆಯಲ್ಲಿ ಓದುಬರಹವಿಲ್ಲದವರಲ್ಲಿಯೂ ಉಂಟು. ಆದರೆ ಓಲೆಗರಿಗಳಲ್ಲಿಯೂ ಜನರ ನಾಲಗೆಯ ಮೇಲೆಯೂ ಚದುರಿದ್ದ ಈ ಪದ್ಯರಾಶಿಯಿಂದ ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಕಲೆಹಾಕಿ, 1924ರಲ್ಲಿ ಗ್ರಂಥರೂಪಕ್ಕೆ ತಂದವರು ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಎಂಬುದನ್ನು ಬಲ್ಲವರು ಎಷ್ಟು ಮಂದಿ? ಈ ಸಂಪಾದನ ಕಾರ್ಯವನ್ನು ಸಾಹಿತ್ಯಸೇವೆಯೆಂದು ಹೊಗಳಿದವರು ಅನೇಕರು. ಅದನ್ನು ಕ್ರೈಸ್ತ ಜೀವನದ ಒಂದು ಸಾಧನೆಯೆಂದು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೀನಭಾವವೆಂದರೆ ತನ್ನನ್ನು ತಾನು ಹಳಿದುಕೊಳ್ಳುವುದಲ್ಲ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಗುರುವಾದ ಯೇಸುವು ಶಿಷ್ಯರ ಪಾದಗಳನ್ನು ತೊಳೆಯುತ್ತಾನೆ. ತಾನು ಗುರುವಲ್ಲವೆಂದು ಮಾತ್ರ ಹೇಳುವುದಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಪೌಲನು, ಸ್ವಹಿತವನ್ನಷ್ಟೇ ನೋಡಿಕೊಳ್ಳದೆ ಪರರ ಹಿತವನ್ನೂ ಲಕ್ಷಿಸಬೇಕೆಂದು ಬೋಧಿಸಿ, ಅದಕ್ಕೆ ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡುದನ್ನು ನಿದರ್ಶನವಾಗಿ ಕೊಡುತ್ತಾನೆ. ಎರಡೆಡೆಗಳಲ್ಲಿಯೂ ದೀನಭಾವವು ಕೃತಿಯಿಂದ ವ್ಯಕ್ತವಾಗುವುದೇ ಹೊರತು ಮಾತಿನಿಂದಲ್ಲ ಎಂಬುದನ್ನು ಗಮನಿಸಬೇಕು.

ವ್ಯಕ್ತಿಯ ಸ್ವಾರ್ಥವನ್ನು ಗುರುತಿಸುವುದು ಸುಲಭ. ಸಂಘದ ಸ್ವಾರ್ಥವು ಧರ್ಮಕಾರ್ಯದ ವೇಷದಲ್ಲಿ ಬರುವುದರಿಂದ ಕಣ್ಣಿಗೆ ಬೀಳದು. ಮಿಶನ್ನಿನ ಇತಿಹಾಸವೇ ಇದಕ್ಕೆ ಸಾಕ್ಷಿ. 1836ರಲ್ಲಿ ಮಂಗಳೂರಿಗೆ ಬಂದ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, 1853ರಲ್ಲಿ ಬಂದ ಕಿಟ್ಟೆಲರು 1894ರಲ್ಲಿ ತಮ್ಮ ಮಹಾನಿಘಂಟನ್ನು ನಾಡಿಗಿತ್ತರು. ಇವರ ಪರಿಶ್ರಮಕ್ಕೆ ನಾವು ಋಣಿಗಳು. ಅದಾಗ್ಯೂ ಭಾಷಾವ್ಯಾಸಂಗವು ಮಿಶನ್ನಿನ ದೃಷ್ಟಿಯಲ್ಲಿ ಧರ್ಮಪ್ರಸಾರದ ಸಾಧನವಾಗಿತ್ತೆಂಬುದು ನಿರ್ವಿವಾದ. ಕಿಟ್ಟೆಲರ ‘ಕಥಾಮಾಲೆ’ಯು (1862) ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿತು: ಪಾತ್ರೆ ಕನ್ನಡದ್ದು, ಅದರೊಳಗಿನದು ಮಿಶನ್ನಿನದು. ನಿಘಂಟಿನಲ್ಲಿ ಅವರ ಶ್ರಮವು ಆ ಮೂಲ ಉದ್ದೇಶವನ್ನು ಬಹುದೂರ ಮೀರಿ ಬೆಳೆಯಿತು.

ಚನ್ನಪ್ಪನವರು ಇದಕ್ಕಿಂತ ಕಠಿಣವಾದ ಹೆಜ್ಜೆಯನ್ನಿಟ್ಟರು. ಸರ್ವಜ್ಞನು ಶೈವ ಸಂಸ್ಕಾರದ ಕವಿ. ಜಾತಿಮದವನ್ನೂ ಡಂಭಾಚಾರವನ್ನೂ ಅವನು ಖಂಡಿಸಿದ ಪದ್ಯಗಳು ಪಾದ್ರಿಯೊಬ್ಬರಿಗೆ ಒಪ್ಪಿಗೆಯಾಗುವುದು ಸಹಜ. ಅವನ್ನಷ್ಟೇ ಆರಿಸಿ ಪ್ರಕಟಿಸಿದ್ದರೆ ಸರ್ವಜ್ಞನು ಮಿಶನ್ನಿನ ಪಕ್ಷದ ಸಾಕ್ಷಿಯಾಗುತ್ತಿದ್ದನು. ಸಂಪಾದಕರನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಶಿವನ ಸ್ತುತಿ, ಗುರುವಿನ ಮಹಿಮೆ, ಲಿಂಗನಿಷ್ಠೆ ಇವೂ ಆ ಸಂಗ್ರಹದಲ್ಲಿ ಸ್ಥಾನ ಪಡೆದಿವೆ. ತಮ್ಮ ನಂಬುಗೆಯನ್ನು ಬಿಡದೆಯೇ, ತಮ್ಮ ನಂಬುಗೆಯಲ್ಲದ ಮಾತನ್ನು ಅದರ ಸ್ವರೂಪದಲ್ಲಿಯೇ ಉಳಿಸಲು ಅವರು ದುಡಿದರು. ಕಾಲು ತೊಳೆಯುವ ಕೆಲಸವೆಂದರೆ ವಿದ್ವಾಂಸನ ಪಾಲಿಗೆ ಇದೇ ಎಂದು ನಮ್ಮ ಅಭಿಪ್ರಾಯ.

ಇಲ್ಲಿ ಕೆಲವು ಆಕ್ಷೇಪಗಳನ್ನು ಪರಿಶೀಲಿಸುವುದು ಅವಶ್ಯ. ಚನ್ನಪ್ಪನವರು ‘ತಿರುಳ್ಗನ್ನಡದ ತಿರುಕ’ ಎಂದು ಪ್ರಸಿದ್ಧರು. ಈ ಹೆಸರನ್ನೇ ಅವರ ದೀನಭಾವಕ್ಕೆ ಸಾಕ್ಷಿಯೆಂದು ಎತ್ತಿ ಹೇಳುವುದು ಸಲ್ಲದು. ತಿರುಕನೆಂಬುದೂ ಒಂದು ಬಿರುದಾಗಬಲ್ಲುದು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದ್ದು ಆ ಹೆಸರಿಗಾಗಿ ಅಲ್ಲ, ಅವರು ಮಾಡಿದ ಕೆಲಸಕ್ಕಾಗಿ. ಎರಡನೆಯದಾಗಿ, ಸಂಗ್ರಹಗೊಂಡ ತ್ರಿಪದಿಗಳಲ್ಲಿ ಸರ್ವಜ್ಞನವು ಎಷ್ಟು, ಪರರವು ಎಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಏನನ್ನೂ ಕಳೆಯಬಾರದೆಂಬ ಸಂಪಾದಕನ ಆಸೆಯು ಬೇರ್ಪಡಿಸುವ ಕೆಲಸವನ್ನು ಮುಂದಿನವರಿಗೆ ಬಿಟ್ಟಿತು.

ಮೂರನೆಯ ಆಕ್ಷೇಪವು ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸಂಬಂಧಿಸಿದುದು. ಅನುಭವಮಂಟಪದ ಐತಿಹಾಸಿಕತೆಯನ್ನು ಕೆಲವರು ಸಂದೇಹಿಸಿದಾಗ ಚನ್ನಪ್ಪನವರು ಅದನ್ನು ಸಮರ್ಥಿಸಿ ಬರೆದರು. ಕ್ರೈಸ್ತ ಪಾದ್ರಿಯೊಬ್ಬರು ಶರಣರ ಪರವಾಗಿ ವಾದಿಸಿದುದು ಔದಾರ್ಯವೇ ಸರಿ. ಆದರೆ ಹನ್ನೆರಡನೆಯ ಶತಮಾನದ ಮಂಟಪಕ್ಕೆ ದೊರೆಯುವ ವಿಸ್ತಾರವಾದ ಚಿತ್ರವು ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯದು. ಇಂತಹ ಎಡೆಯಲ್ಲಿ ಗೌರವವು ಪ್ರಮಾಣಕ್ಕಿಂತ ಮುಂದೆ ನಡೆಯುವ ಅಪಾಯವುಂಟು. ಪರರನ್ನು ಗೌರವಿಸುವುದು ಒಂದು, ಪ್ರಮಾಣದ ಮುಂದೆ ಬಾಗುವುದು ಇನ್ನೊಂದು. ಆಧಾರಗಳು ನಮ್ಮ ಅಪೇಕ್ಷೆಗಿಂತ ಕಡಿಮೆ ಹೇಳಿದಾಗ ಅಷ್ಟಕ್ಕೇ ನಿಲ್ಲುವುದು ಎರಡನೆಯದಕ್ಕೆ ಸೇರಿದ ಶಿಸ್ತು.

ಈ ದೋಷಗಳಿಂದ ಮುಖ್ಯ ನಿರ್ಣಯಕ್ಕೆ ಬಾಧೆಯಿಲ್ಲ. ಸ್ವಾರ್ಥವನ್ನು ಗೆಲ್ಲುವುದೆಂದರೆ ತನ್ನದೆಂಬುದೇನೂ ಇಲ್ಲದಿರುವುದಲ್ಲ. ತನ್ನದನ್ನು ಪರರ ಮಾತಿನ ಮೇಲೆ ಹೇರದಿರುವುದು. ಪ್ರಬಂಧವೊಂದನ್ನು ಸಿದ್ಧಪಡಿಸುವಾಗ, ನಮ್ಮ ವಾದಕ್ಕೆ ಒಗ್ಗದ ಶಾಸನವನ್ನೂ ನಮ್ಮ ಮತಕ್ಕೆ ಹಿಡಿಸದ ವಚನವನ್ನೂ ಪಕ್ಕಕ್ಕೆ ಸರಿಸುವ ಆಸೆ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಒಂದೇ ಸಮನೆ ಕಾಡುತ್ತದೆ. ಈ ಆಸೆಯನ್ನು ಸರ್ವಜ್ಞನ ಸಂಗ್ರಹದಲ್ಲಿ ಚನ್ನಪ್ಪನವರು ಜಯಿಸಿದರು. ಕುಬಿಹಾಳದ ಕಟ್ಟೆಯ ಮೇಲೆ ತ್ರಿಪದಿ ಹೇಳುವವನಿಗೆ ಸಂಪಾದಕರ ಹೆಸರು ತಿಳಿಯದಿದ್ದರೆ ಅದರಿಂದ ಅವರ ಕೆಲಸಕ್ಕೆ ಊನವಿಲ್ಲ. ನಮಗೆ ಅದು ತಿಳಿದಿರಬೇಕು.